ಎಡಗಡೆ ಪರದೆಯ ಪಾರ್ವತವ್ವ

ಪಾರ್ವತವ್ವನ ಎದುರು ನಮ್ಮೂರಿನಲ್ಲಿ ಯಾರೂ ತಮ್ಮ ಮಾತನ್ನು ತಾವೇ ಮುಗಿಸಿದ್ದಿಲ್ಲ. ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ "ಇವತ್ತ ಫ್ಯಾಟು..." ಎಂದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ "ಕಡಿಮಿ ಬಂದೈತಿ" ಎಂದು ಇವರೇ ಹೇಳಿಬಿಡುತ್ತಾರೆ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯ ಹಿರಿಯರು "ನಮಗೇನೂ ಬ್ಯಾಡ್ರಿ, ಆದರ..." ಎಂದು ಗಂಟಲು ಸರಿಪಡಿಸಿಕೊಂಡರೆ, ಆ 'ಆದರ'ದ ಮುಂದಿನದನ್ನು ಅವರ ಕಡೆಗೆ ಬಾಗಿ ಮೆಲ್ಲಗೆ ಎತ್ತಿಕೊಟ್ಟುಬಿಡುತ್ತಾರೆ. ಹಿರಿಯರು ನಾಚಿಕೊಂಡು ಸುಮ್ಮನಾಗುತ್ತಾರೆ. ಹೀಗೆ ಎಷ್ಟೋ ಮಾತುಕತೆಗಳು ಬೇಗ ಮುಗಿದಿವೆ. ಒಂದೆರಡು ಮುರಿದೂ ಇವೆ.

ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಇದು ಚಟವಲ್ಲ, ಕೆಲಸದಿಂದ ಬಂದ ಅಭ್ಯಾಸ. ಟೇಲರಿನ ಬೆರಳುಗಳು ಮಾತಾಡುವಾಗಲೂ ಬಟ್ಟೆಯ ಅಂಚನ್ನು ಮಡಚುತ್ತಿರುತ್ತವಲ್ಲ, ಹಾಗೆ. ಪಾರ್ವತವ್ವ ನಮ್ಮೂರ ನಾಟಕ ಸಂಘದ ಪ್ರಾಂಪ್ಟರ್. ಪಕ್ಕದ ಪರದೆಯ ಹಿಂದೆ ನಿಂತು, ಪಾತ್ರಧಾರಿಗಳಿಗೆ ಮರೆತ ಮಾತನ್ನು ಎತ್ತಿಕೊಡುವವರು.

ನಮ್ಮದು ಶಿರಸಿ-ಹುಬ್ಬಳ್ಳಿ ರಸ್ತೆಯಲ್ಲಿ ಎಕ್ಕಂಬಿಯಿಂದ ಒಳಕ್ಕೆ ಹೋಗುವ ಊರು. ಸುಗ್ಗಿ ಮುಗಿದ ಮೇಲೆ ಗಂಡಸರು ಒಂದು ಸಾಮಾಜಿಕ ನಾಟಕ ಕಲಿತು ಆಡುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಹೆಣ್ಣುಪಾತ್ರ ಮಾಡುವವರು ಗದಗ, ಹುಬ್ಬಳ್ಳಿ ಕಡೆಯಿಂದ ಬರುತ್ತಾರೆ. ಊರಿನ ಹೆಂಗಸರು ರಂಗ ಹತ್ತುವ ಮಾತೇ ಆಗ ಇರಲಿಲ್ಲ. ತಾಲೀಮು ನಡೆಯುತ್ತಿದ್ದದ್ದು ಪರಮೇಶ್ವರಪ್ಪನವರ ಮನೆಯ ಪಡಸಾಲೆಯಲ್ಲಿ. ಅವರೇ ನಾಟಕದ ನಾಯಕ. ಪಾರ್ವತವ್ವ ಅವರನ್ನು ಮದುವೆಯಾಗಿ ಬಂದ ವರ್ಷ, ಮಾತು ಎತ್ತಿಕೊಡುತ್ತಿದ್ದ ಶಾಲೆಯ ಮಾಸ್ತರರಿಗೆ ನಾಟಕಕ್ಕೆ ಇನ್ನೇನು ವಾರವಿರುವಾಗ ವರ್ಗವಾಯಿತು. ಆ ಸಂಜೆ ತಾಲೀಮಿನಲ್ಲಿ ಪರಮೇಶ್ವರಪ್ಪನವರು ಮಾತು ಮರೆತು ನಿಂತರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಮುಂದಿನ ಮಾತು ಬಂತು. ಹಾಸ್ಯದ ಪಾತ್ರ ಮಾಡುವ ಹುಚ್ಚಪ್ಪ ಬಗ್ಗಿ ಅಡುಗೆಮನೆಯ ಬಾಗಿಲ ಕಡೆ ನೋಡಿ, "ಲೇ ಪರಮ್ಯಾ, ನಿಮ್ಮನಿ ರೊಟ್ಟಿಗೂ ಪಾಠ ಬರ್ತೈತಲ್ಲೋ!" ಎಂದರಂತೆ.

ಅತ್ತೆ ಒಂದು ಷರತ್ತು ಹಾಕಿ ಒಪ್ಪಿದರು. ಪರದೆ ದಾಟಬಾರದು, ಜನರ ಕಣ್ಣಿಗೆ ಬೀಳಬಾರದು. ಪಾರ್ವತವ್ವ ಅಂದಿನಿಂದ ಎಡಗಡೆ ಪರದೆಯ ಹಿಂದೆ ನಿಂತರು. ಅತ್ತೆ ತೀರಿಕೊಂಡ ಮೇಲೂ ಅಲ್ಲೇ ನಿಂತರು.

ನಾನು ಅವರ ಪಕ್ಕದ ಮನೆಯಲ್ಲಿ ಬೆಳೆದವಳು, ಅವರನ್ನು ದೊಡ್ಡವ್ವ ಎನ್ನುತ್ತೇನೆ. ಚಿಕ್ಕಂದಿನಲ್ಲಿ ನಾಟಕದ ದಿನ ಅವರ ಸೆರಗು ಹಿಡಿದು ಪರದೆಯ ಹಿಂದೆ ನಿಲ್ಲುತ್ತಿದ್ದೆ. ಪುಸ್ತಕ ಕೈಯಲ್ಲಿರುತ್ತಿತ್ತು, ಅದನ್ನು ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಪಾತ್ರಧಾರಿಗಳ ಕುತ್ತಿಗೆಯನ್ನು. ಮಾತು ಮರೆಯುವ ಮೊದಲು ಮನುಷ್ಯನ ಕುತ್ತಿಗೆ ಸ್ವಲ್ಪ ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ಖಳನಾಯಕನ ಪಾತ್ರದ ಆನಂದನಿಗೆ ಇಡೀ ಸಾಲು ಬೇಕು. ಹುಚ್ಚಪ್ಪನಿಗೆ ಏನೂ ಬೇಡ, ಅವರು ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಗಂಡನಿಗೆ ದನಿಯೂ ಬೇಡ, ಇವರ ತುಟಿ ಅಲುಗಿದರೆ ಸಾಕು. ಅವರು ಮಾತಿನ ನಡುವೆ ತಟ್ಟನೆ ಎಡಕ್ಕೆ ಓರೆನೋಟ ಬೀರುತ್ತಿದ್ದರು, ಆಮೇಲೆ ಗುಡುಗುತ್ತಿದ್ದರು. ನೋಡುವವರಿಗೆ ಅದು ನಾಯಕನ ಶೈಲಿ. ಊರಿನ ಹುಡುಗರೆಲ್ಲ ಬಸ್ ಕಾಯುವಾಗಲೂ ಎಡಕ್ಕೆ ಓರೆನೋಟ ಬೀರುವುದನ್ನು ಕಲಿತಿದ್ದರು. ಅದು ಹೆಂಡತಿಯ ತುಟಿ ಹುಡುಕುವ ನೋಟ ಎಂದು ಯಾರಿಗೂ ಗೊತ್ತಿರಲಿಲ್ಲ.

ಪರಮೇಶ್ವರಪ್ಪನವರಿಗೆ ಹೋದ ವರ್ಷದ ಹಿಂದಿನ ವರ್ಷ ಲಕ್ವ ಹೊಡೆಯಿತು. ಕಾಲು ಎಳೆದುಕೊಂಡಾದರೂ ನಡೆದಾಡುವಂತಾಯಿತು. ಬಲಗೈ ಅಷ್ಟಕ್ಕಷ್ಟೆ. ಹೋದದ್ದು ಮಾತು. ಎಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದು ಮುಖದ ತನಕ ಬರುತ್ತದೆ, ಬಾಯಿ ತೆರೆದರೆ ಶಬ್ದವಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಪಾರ್ವತವ್ವನನ್ನು ಹೊರಗೆ ಕೂರಿಸಿಕೊಂಡು ಹೇಳಿದ್ದಳು.

"ಅಜ್ಜೀ, ಅಜ್ಜಾರ ಕಡೆ ಶಬ್ದ ಅದಾವ. ದಾರಿ ಸಿಗವಲ್ದು, ಅಷ್ಟ. ಅವರೇ ಹುಡುಕಬೇಕು. ನೀವು ಹೇಳಿಕೊಟ್ಟಷ್ಟೂ ಅವರು ಹುಡುಕೋದು ಬಿಡ್ತಾರ. ಹಿಂಗ ಬಿಟ್ಟರ ಮುಂದ ಬಾಯಿ ತೆಗೆಯೋದನ್ನೂ ಬಿಡ್ತಾರ್ರಿ. ಅವರು ಬಾಯಿ ತೆಗದ್ರ ನೀವು ತಡೀರಿ."

"ಎಷ್ಟ ಹೊತ್ತ ತಡೀಲವ್ವಾ?"

"ಇನ್ನ ತಡಿಯಾಕ ಆಗೂದಿಲ್ಲ ಅನಸ್ತೈತಲ್ಲ, ಅದಾದ ಮ್ಯಾಲೆ ಇನ್ನೊಂದೀಟು."

ಅದು ಅವರಿಂದ ಆಗಲಿಲ್ಲ. ಗಂಡ ಬಾಯಿ ತೆರೆದು ನಿಂತರೆ ಪಾರ್ವತವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸೆರಗು ಇಳಿಸಿ ಏರಿಸಿ, ಬಟ್ಟೆ ಮಡಚಿ ಬಿಚ್ಚಿ, ಕೊನೆಗೆ ಮಾತು ಹಾರಿ ಹೊರಬೀಳುತ್ತಿತ್ತು. ನೀರೇನ್ರಿ? ಹೊದಿಕೆ ಬೇಕೇನ್ರಿ? ಟಿವಿ ಹಚ್ಚಲೇನ್ರಿ? ಅವರು ಎಲ್ಲದಕ್ಕೂ ತಲೆಯಾಡಿಸಲು ಕಲಿತರು. ಒಂದು ಮುಂಜಾನೆ ಅವರು ಬಾಯಿ ತೆರೆದರು. ಇವರು "ಚಾ" ಎಂದರು, ಮಾಡಿ ತಂದುಕೊಟ್ಟರು. ಅವರು ಕುಡಿದು ಕಪ್ಪು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಕರು ಹಗ್ಗ ಬಿಚ್ಚಿಕೊಂಡು ಬಸಳೆ ಚಪ್ಪರವನ್ನೆಲ್ಲ ತಿಂದು ಮುಗಿಸಿತ್ತು. ಹೇಳಬೇಕೆಂದಿದ್ದದ್ದು ಅದನ್ನು. ಪಾರ್ವತವ್ವ ನಮ್ಮ ಮನೆಗೆ ಬಂದು ಆ ಕಥೆ ಹೇಳಿದಾಗ ನಗುತ್ತಿದ್ದರು. ನಗು ನಿಲ್ಲಿಸುವುದು ಅವರಿಗೆ ಕಷ್ಟವಾಯಿತು.

ಈಚೆಗೆ ಪರಮೇಶ್ವರಪ್ಪನವರು ಬಾಯಿ ತೆರೆಯುವುದನ್ನೂ ಕಡಿಮೆ ಮಾಡಿದ್ದರು. ಸುಮ್ಮನೆ ಹೆಂಡತಿಯ ಕಡೆಗೆ ನೋಡುತ್ತಿದ್ದರು.

ಇಂಥ ದಿನಗಳಲ್ಲಿ ಆನಂದ ಸುದ್ದಿ ತಂದ. ಆನಂದ ಪರಮೇಶ್ವರಪ್ಪನವರ ಚಿಕ್ಕಪ್ಪನ ಮಗ, ಈಗ ಸಂಘದ ಅಧ್ಯಕ್ಷ. ಬೈಕು ನಿಲ್ಲಿಸುವ ಮೊದಲೇ ಮಾತು ಶುರು.

"ವೈನೀ, ಸಿದ್ದಾಪುರದ ಹಳೇ ಥೇಟರ್ ನೆನಪೈತಿಲ್ಲ? ನಾವು ಆಡಿದ್ದು? ಅದನ್ನ ಮೊದಲಿನಂಗ ಮಾಡ್ಯಾರ. ಹಿಂದ ಅಲ್ಲಿ ಆಡಿದ ತಂಡದವರನ್ನೆಲ್ಲ ಕರದು ತೋರಸಾಕತ್ತಾರಂತ. ರವಿವಾರ ನಮ್ಮ ಪಾಳಿ. ಒಬ್ಬೊಬ್ಬರೂ ರಂಗದ ಮ್ಯಾಲೆ ನಿಂತು ತಮ್ಮ ಒಂದು ಮಾತು ಹೇಳಬೇಕು. ವಿಡಿಯೋ ಮಾಡಿ ಇಟ್ಕೋತಾರ."

ಪಾರ್ವತವ್ವ ಕಟ್ಟೆಯ ಮೇಲೆ ಕೂತಿದ್ದ ಗಂಡನನ್ನು ನೋಡಿದರು. ಅವರು ಎಡಗೈ ಎತ್ತಿ ಬಾಯಿ ತೆರೆದಿದ್ದರು.

"ಬ್ಯಾಡ ಅಂತಾರ," ಎಂದರು ಪಾರ್ವತವ್ವ.

"ಅಣ್ಣ ಇನ್ನೂ ಏನೂ ಅಂದೇ ಇಲ್ಲಲ್ಲ ವೈನೀ!"

ಪರಮೇಶ್ವರಪ್ಪನವರು ತಲೆಯಾಡಿಸಿದರು. ಬರುತ್ತೇನೆ ಎಂಬಂತೆ. ಮತ್ತೊಮ್ಮೆ, ಜೋರಾಗಿ.

"ನೋಡ್ರಿ! ತಕ್ಕಡಿ ಡೈಲಾಗ್ ಒಂದ ಹೊಡದ್ರ ಸಾಕು ಅಣ್ಣ."

ತಕ್ಕಡಿಯ ಮಾತು ಎಂದರೆ ಪರಮೇಶ್ವರಪ್ಪನವರ ಹೆಸರಾದ ಮಾತು. ಮೋಸದ ಸಾವಕಾರನ ಅಂಗಡಿಗೆ ನುಗ್ಗಿ ರೈತ ಹೇಳುವುದು: "ತಕ್ಕಡಿ ನಿಂದು ಇರಬಹುದು ಸಾವಕಾರಾ, ತೂಕ ನಂದೈತಿ!" ಎಡಕ್ಕೆ ಓರೆನೋಟ, ಆಮೇಲೆ 'ತಕ್ಕಡಿ'. ಜನ ಶಿಳ್ಳೆ ಹೊಡೆಯುತ್ತಿದ್ದರು. ಸಾವಕಾರನಾದ ಆನಂದನೇ ಒಮ್ಮೆ ಮೈಮರೆತು ಚಪ್ಪಾಳೆ ತಟ್ಟಿದ್ದ.

"ಇವರಿಗೆ ಹೆಂಗ ಬರ್ತೈತೋ ಆನಂದಾ?"

"ನೀವು ಇದ್ದೀರಲ್ಲ! ನಿಮ್ಮ ಜಾಗಾದಾಗ ನಿಂತು ಒಂದೀಟು ಎತ್ತಿಕೊಡ್ರಿ. ಅಣ್ಣನ ಮಾನ ಉಳೀತೈತಿ."

ಆ ವಾರವೆಲ್ಲ ಪಾರ್ವತವ್ವ ಒಂದು ಕಡೆ ಕೂರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಪರಮೇಶ್ವರಪ್ಪನವರು ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಗಂಟಲು ಆಡುತ್ತಿತ್ತು, ನಾಲಿಗೆ ಹಲ್ಲಿಗೆ ತಾಗುತ್ತಿತ್ತು, ಮೊದಲಕ್ಷರದಷ್ಟೇ ಗಾಳಿ ಬರುತ್ತಿತ್ತು. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಆ ಹೊತ್ತಿಗೆ ಪಾರ್ವತವ್ವ ಹಿಂದಿನ ಬಾಗಿಲಿನಿಂದ ನಮ್ಮ ಮನೆಗೆ ಬಂದಿರುತ್ತಿದ್ದರು. ತೊಳೆದಿಟ್ಟ ಪಾತ್ರೆ ಮತ್ತೆ ತೊಳೆಯುತ್ತಿದ್ದರು. ನಮ್ಮ ಕೋಳಿಗಳಿಗೆ ಎರಡನೆಯ ಸಲ ಕಾಳು ಹಾಕುತ್ತಿದ್ದರು.

ಶನಿವಾರ ನಮ್ಮವ್ವನ ಎದುರು ನಿಂತು ಒಂದೇ ಉಸಿರಿಗೆ ಹೇಳಿದರು. "ನಾ ಹೇಳಿಕೊಟ್ರ ಮಂದಿ ಮುಂದ ಅವರ ಮಾನ ಉಳೀತೈತಿ. ಹೇಳಿಕೊಡಲಿಲ್ಲಂದ್ರ ಅವರ ಬಾಯಿ ಉಳಿದರೂ ಉಳೀಬಹುದು. ಆ ಆಸ್ಪತ್ರಿ ಹುಡುಗಿ ಅಂದದ್ದು ಖರೇ ಐತಿ, ನನಗ ಗೊತ್ತೈತಿ. ಮನ್ಯಾಗ ಒಂದ ದಿನ ತಡಿಯಾಕ ಆಗಲಿಲ್ಲ ನನಗ. ಅಲ್ಲಿ, ಅಷ್ಟ ಮಂದಿ ಮುಂದ, ಅವರು ನನ್ನ ಕಡೆ ನೋಡ್ತಾರ. ನೋಡೇ ನೋಡ್ತಾರ. ಆವಾಗ ನಾ ಏನ್ ಮಾಡ್ಲಿ?"

ನಮ್ಮವ್ವ ಬಾಯಿ ತೆರೆದಳು.

"ನೀ ಏನಂತಿ ಗೊತ್ತೈತಿ ಬಿಡು," ಎಂದು ಪಾರ್ವತವ್ವ ಹೊರಟುಹೋದರು. ಅವ್ವ ಏನನ್ನಬೇಕೆಂದಿದ್ದಳೋ ನಮಗೂ ತಿಳಿಯಲಿಲ್ಲ. ಅವಳೂ ಆಮೇಲೆ ಮರೆತಳು.

ರವಿವಾರ ಟೆಂಪೊದಲ್ಲಿ ಹೊರಟೆವು. ಸಂಘದ ಹಳಬರು, ಅವರ ಮನೆಯವರು, ಜಾಗ ಉಳಿದಿದ್ದಕ್ಕೆ ನಾನು. ಪರಮೇಶ್ವರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ಹೆಗಲಿಗೆ ಶಲ್ಯ. ಅವರ ಪಕ್ಕದಲ್ಲಿ ಪಾರ್ವತವ್ವ ಕಿಟಕಿ ತೆಗೆದರು, ಹಾಕಿದರು, ಗಾಳಿ ಬಡಿಯುತ್ತದೆಂದು ಅವರ ಕಿವಿಗೆ ಶಲ್ಯ ಸುತ್ತಿದರು, ಸೆಕೆ ಎಂದು ಬಿಚ್ಚಿದರು. ಶಿರಸಿ ದಾಟಿ ಕಾನಸೂರಿನ ರಸ್ತೆಗೆ ಬಂದಾಗ ಹುಚ್ಚಪ್ಪ ಹಿಂದಿನ ಸೀಟಿನಿಂದ ಕುತ್ತಿಗೆ ಚಾಚಿದರು.

"ಪರಮ್ಯಾ, ಮಾತ ಬರಲಿಲ್ಲಂದ್ರ ಬಿಡೋ. ಬರೇ ಓರೆನೋಟ ಒಂದ ಒಗದ ಬಾ. ಸಿದ್ದಾಪುರದ ಹೆಣ್ಮಕ್ಕಳಿಗೆ ಅಷ್ಟ ಸಾಕು."

"ಈಗ ಓರೆನೋಟ ಒಗದ್ರ ಕಣ್ಣಿನ ಡಾಕ್ಟರ್ ಕಡೆ ಕರ್ಕೊಂಡ ಹೋಗ್ತಾರ," ಎಂದ ಆನಂದ.

ಟೆಂಪೊ ತುಂಬ ನಗು. ಪರಮೇಶ್ವರಪ್ಪನವರೂ ನಕ್ಕರು. ನಗಲು ಅವರಿಗೆ ತೊಂದರೆಯಿರಲಿಲ್ಲ. ಅವರ ಎಡಗೈ ಮಾತ್ರ ಮೊಣಕಾಲ ಮೇಲೆ ತಕ್ಕಡಿ ಹಿಡಿದಂತೆ ಏರಿ ಇಳಿಯುತ್ತಿತ್ತು. ಪಾರ್ವತವ್ವ ಆ ಕೈಯನ್ನು ನೋಡದಿರಲು ರಸ್ತೆಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು.

ಥೇಟರು ಸಿದ್ದಾಪುರದ ಪೇಟೆಯ ಒಳಬೀದಿಯಲ್ಲಿದೆ. ನಾನು ಮೊದಲ ಸಲ ನೋಡಿದ್ದು. ಇವರು ಆಡಿದ ಮೇಲೆ ಅದು ಬಾಗಿಲು ಮುಚ್ಚಿ, ಅಡಿಕೆ ಮೂಟೆಗಳ ಗೋದಾಮಾಗಿ, ಬಾವಲಿಗಳ ಮನೆಯಾಗಿ, ಈಗ ಮತ್ತೆ ಎದ್ದುನಿಂತಿದೆ. ಕೆಂಪು ಹೆಂಚು ಹೊಸದು, ಮರದ ಕಂಬ ಹಳೆಯದು. ಕಂಬಗಳನ್ನು ತಿಕ್ಕಿ ಎಣ್ಣೆ ಹಚ್ಚಿದ್ದಾರೆ. ಮೂರು ಕಡೆಗೂ ಮರದ ಗ್ಯಾಲರಿ, ಹೆಂಗಸರಿಗೆಂದು ಬೇರೆಯಾಗಿದ್ದ ಮೆಟ್ಟಿಲು. ಒಳಗೆ ಕಾಲಿಟ್ಟವರು ಮಾತು ತಗ್ಗಿಸಿದರು. ಕೆಲವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಹುಚ್ಚಪ್ಪ ರಂಗದ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ಮತ್ತೆ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿದರು.

ತೋರಿಸಲು ಬಂದವಳು ಅಭಿಜ್ಞಾ, ಹತ್ತಿರದ ತ್ಯಾಗಲಿಯ ಹುಡುಗಿ, ನನ್ನದೇ ವಯಸ್ಸು. ಕೊರಳಲ್ಲಿ ಗುರುತಿನ ಚೀಟಿ. ನಡುವೆ ಮನೆಯಿಂದ ಫೋನು ಬಂತು. "ಆಯಿ, ಆನು ಆಮೇಲೆ ಮಾಡ್ತೆ, ಈಗ ಇಲ್ಲಿ ಜನ ಇದ್ದ," ಎಂದು ತಾಯಿಗೆ ತಮ್ಮ ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿ, ನಮ್ಮ ಕಡೆ ತಿರುಗಿ ಪುಸ್ತಕದ ಕನ್ನಡಕ್ಕೆ ಬಂದಳು.

"ರಿಪೇರಿ ಮಾಡುವಾಗ ಒಳಗಿನ ಹಲಗೆಯನ್ನೆಲ್ಲ ಮೊದಲಿನ ಕ್ರಮದಲ್ಲೇ ಕೂರಿಸಿದ್ದಾರೆ. ರಂಗದ ಮೇಲೆ ನಿಂತು ಪಿಸುಗುಟ್ಟಿದರೂ ಮೇಲಿನ ಗ್ಯಾಲರಿಗೆ ಕೇಳುತ್ತದೆ. ಯಾರಾದರೂ ನೋಡ್ತೀರಾ?"

ಹುಚ್ಚಪ್ಪ ಆಗಲೇ ರಂಗ ಹತ್ತಿದ್ದರು. ನಾವು ಕೆಲವರು ಗ್ಯಾಲರಿಗೆ ಹೋದೆವು. ಅವರು ರಂಗದ ನಡುವೆ ನಿಂತು, ಗುಟ್ಟು ಹೇಳುವವರಂತೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. "ಆನಂದ ಮೀಸಿಗೆ ಬಣ್ಣ ಬಡಕೊಂಡ ಬಂದಾನ."

ಗ್ಯಾಲರಿ ತುಂಬ ನಗು ಸಿಡಿಯಿತು. ಆನಂದನ ಕೈ ತಾನಾಗಿ ಮೀಸೆಗೆ ಹೋಯಿತು. "ಲೇ ಹುಚ್ಚಾ, ಬಣ್ಣ ಬಡಕೊಳ್ಳಾಕ ನಿನ್ನ ತಲ್ಯಾಗ ಕೂದಲಾ ಇಲ್ಲಲ್ಲ, ಅದ ನಿನ್ನ ಹೊಟ್ಟಿಕಿಚ್ಚು!"

ಪಾರ್ವತವ್ವ ನಗಲಿಲ್ಲ. ಅವರು ಆಡುವ ಕಾಲದಲ್ಲಿ ಇಲ್ಲಿ ತಗಡಿನ ಮಾಡು ಇತ್ತಂತೆ, ಹೊರಗೆ ಜನರೇಟರಿನ ಸದ್ದು, ಒಳಗೆ ಶೇಂಗಾ ಮಾರುವವರ ಕೂಗು. ಎತ್ತಿಕೊಟ್ಟ ಮಾತು ಆ ಗದ್ದಲದಲ್ಲಿ ಅಡಗಿ ಹೋಗುತ್ತಿತ್ತು. ಈಗ ಗಾಳಿಯೂ ಸುಮ್ಮನಿತ್ತು. ಆನಂದ ಹತ್ತಿರ ಬಂದ.

"ವೈನೀ, ದನಿ ಮಾಡಬ್ಯಾಡ್ರಿ. ತುಟಿ ಅಷ್ಟ ಅಲ್ಲಾಡಸ್ರಿ."

"ನನಗ ಕಲಸ್ತಿಯೇನೋ?" ಎಂದರು. ದನಿಯಲ್ಲಿ ಸಿಟ್ಟಿತ್ತು.

ಎಡಗಡೆ ಪರದೆಯ ಹಿಂದೆ ಹೋಗುವಾಗ ನನ್ನ ಕೈ ಹಿಡಿದು ಎಳೆದುಕೊಂಡರು. ಪರದೆ ಹೊಸದು, ದಪ್ಪ ಬಟ್ಟೆ. ವಾರ್ನಿಶ್ಶಿನ ವಾಸನೆ. ಪಾರ್ವತವ್ವ ನಿಲ್ಲುವ ಜಾಗ ಹುಡುಕಿ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಸರಿದರು. ಅಲ್ಲಿಂದ ರಂಗ ಕಾಣುತ್ತದೆ, ಜನ ಕಾಣುವುದಿಲ್ಲ.

ಮೊದಲು ಆನಂದ ನಿಂತ. ಸಾವಕಾರನ ಅಟ್ಟಹಾಸ ನಕ್ಕ, ಕೊನೆಯಲ್ಲಿ ಕೆಮ್ಮು ಬಂತು, ಅದಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಹುಚ್ಚಪ್ಪ. ಹೆಣ್ಣುಪಾತ್ರ ಮಾಡಿದ್ದವರು ಯಾರೂ ಬಂದಿರಲಿಲ್ಲ. ಅವರು ಈಗ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ಹೆಸರು ಹೇಳಿ ಆನಂದ ಕೈಮುಗಿದ, ಒಂದು ಹೆಸರು ನೆನಪಾಗದೆ ನಿಂತ. ಪಾರ್ವತವ್ವ ತಟ್ಟನೆ "ಕಸ್ತೂರಿ" ಎಂದರು. ಇಡೀ ಥೇಟರಿಗೆ ಕೇಳಿತು. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಪರಮೇಶ್ವರಪ್ಪನವರನ್ನು ಇಬ್ಬರು ಹಿಡಿದು ಹತ್ತಿಸಿದರು. ನಡುವೆ ಬಂದ ಮೇಲೆ ಅವರು ಇಬ್ಬರ ಕೈಯನ್ನೂ ಬಿಡಿಸಿಕೊಂಡರು. ಶಲ್ಯ ಸರಿಮಾಡಿಕೊಂಡರು. ಅಭಿಜ್ಞಾ ಮೊಬೈಲು ಎತ್ತಿ ಹಿಡಿದಳು. ಅವರ ಎಡಗೈ ತಕ್ಕಡಿ ಹಿಡಿದಂತೆ ಮೇಲೆದ್ದಿತು, ಎದೆಯಷ್ಟೆತ್ತರಕ್ಕೆ. ಬಾಯಿ ತೆರೆಯಿತು.

ಮಾತು ಬರಲಿಲ್ಲ. ಅವರ ಕುತ್ತಿಗೆ ಗಟ್ಟಿಯಾದದ್ದು ನನಗೂ ಕಂಡಿತು. ಮತ್ತೆ ಅವರು ಎಡಕ್ಕೆ ನೋಡಿದರು.

ಕೆಳಗೆ ಯಾರೋ "ಆಹಾ" ಎಂದರು, ಹಳೆಯ ಶೈಲಿ ಬಂತೆಂದು. ಪಾರ್ವತವ್ವನ ತುಟಿ ಆಗಲೇ ಬಿಚ್ಚಿಕೊಂಡಿತ್ತು, ನಾಲಿಗೆಯ ತುದಿ ಹಲ್ಲಿಗೆ ತಾಗಿತ್ತು. ನಾನು ನೋಡುತ್ತಿದ್ದೆ. ಅವರು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ತುರುಕಿಕೊಂಡರು. ಅದೂ ಸಾಲದೆ ತಿರುಗಿ ಗೋಡೆಗೆ ಮುಖ ಮಾಡಿ ನಿಂತರು. ಬೆನ್ನು ಏರಿಳಿಯುತ್ತಿತ್ತು.

ಪರಮೇಶ್ವರಪ್ಪನವರು ಆ ಬೆನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಆ ಜಾಗದಲ್ಲಿ ಅವರಿಗೆ ಬೆನ್ನು ಕಂಡದ್ದು ಇದೇ ಮೊದಲಿರಬೇಕು. ಇನ್ನೊಂದು ಸಲ ನೋಡಿದರು. ಒಂದು ಹೆಜ್ಜೆ ಎಡಕ್ಕೆ ಬಂದರು, ಕಾಲು ಹಲಗೆಯ ಮೇಲೆ ಎಳೆದ ಸದ್ದು ದೊಡ್ಡದಾಗಿ ಕೇಳಿತು.

"ತಕ್ಕಡಿ, ಅಣ್ಣಾ! ತಕ್ಕಡಿ!" ಆನಂದ ಕೆಳಗಿನಿಂದ ಕೂಗಿದ.

ಅವರು ಎಡಗೈ ಬೀಸಿ ಅವನನ್ನು ಸುಮ್ಮನಾಗಿಸಿದರು. ಮುಖ ಕೆಂಪಾಗಿತ್ತು, ಕೆನ್ನೆ ಅದುರುತ್ತಿತ್ತು. ಹೊರಗೆ ಬೀದಿಯಲ್ಲಿ ಯಾವುದೋ ಗಾಡಿಯ ಹಾರನ್ನು. ನಾನು ದೊಡ್ಡವ್ವನ ರಟ್ಟೆ ಹಿಡಿದೆ, ಅದು ಕಲ್ಲಿನಂತೆ ಬಿಗಿಯಾಗಿತ್ತು. ಇನ್ನು ತಡೆಯಲಾಗುವುದಿಲ್ಲ ಅನ್ನಿಸಿದ್ದು ನನಗೇ. ನಾನೇ ಹೇಳಿಬಿಡುತ್ತಿದ್ದೆ.

"ಇಕಿ..." ಎಂದರು ಪರಮೇಶ್ವರಪ್ಪನವರು.

ಬೆರಳು ಪರದೆಯ ಕಡೆಗಿತ್ತು.

"ಇಕಿ... ಕೊಡ... ಕೊಡವಲ್ಲಳು!"

ಹುಚ್ಚಪ್ಪ ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿದರು, ನಗು, ಶಿಳ್ಳೆ. "ಪರಮ್ಯಾ, ನನ್ನ ಪಾತ್ರ ಕಸಗೊಂಡೆಲ್ಲೋ!" ಎಂದು ಹುಚ್ಚಪ್ಪ ಕೂಗಿದರು. "ಎಷ್ಟ್ ಚಂದ ಆತು ಅಜ್ಜಾ!" ಎಂದಳು ಅಭಿಜ್ಞಾ, ಕಣ್ಣೊರೆಸಿಕೊಳ್ಳುತ್ತ. ಜನರಿಗೆ ಅದು ತಮಾಷೆ. ಪರಮೇಶ್ವರಪ್ಪನವರು ತಮಾಷೆ ಮಾಡಿರಲಿಲ್ಲ. ಮಾತು ಎತ್ತಿಕೊಡುತ್ತಿಲ್ಲವೆಂದು ಅವರು ಹೆಂಡತಿಯ ಮೇಲೆ ಊರಿನವರ ಮುಂದೆ ದೂರು ಹೇಳಿದ್ದರು. ಆ ನಗುವಿನ ನಡುವೆ ಅವರು ಕಣ್ಣು ತುಂಬಿಕೊಂಡು, ಸಿಟ್ಟಿನಿಂದ ಬೆರಳು ಇಳಿಸದೆ ನಿಂತಿದ್ದರು. ಆಮೇಲೆ ತಿರುಗಿ ಬಲಗಡೆ ಪರದೆಯಿಂದ ಇಳಿದು ಹೋದರು.

ಪಾರ್ವತವ್ವ ಬಾಯಿಂದ ಸೆರಗು ತೆಗೆದರು. "ಏನಂದ್ರು?" ಎಂದು ನನ್ನನ್ನು ಕೇಳಿದರು. ಕೇಳಿಸಿಕೊಂಡಿದ್ದರು. ಮತ್ತೊಮ್ಮೆ ಕೇಳಬೇಕಿತ್ತು, ಅಷ್ಟೆ. ನಾನು ಹೇಳಿದೆ. "ಯಾರೂ ಹೇಳಿಕೊಟ್ಟಿದ್ದಲ್ಲಲ್ಲ ಅದು?" ಎಂದರು. "ಅಲ್ಲ ದೊಡ್ಡವ್ವಾ." "ಪುಸ್ತಕದಾಗಿಲ್ಲ," ಎಂದರು. ಕೂರಲು ಏನಾದರೂ ಇದೆಯೇ ಎಂದು ಸುತ್ತ ನೋಡಿ, ಏನೂ ಇಲ್ಲದೆ, ಗೋಡೆಗೆ ಒರಗಿದರು.

ಖುಷಿಯೋ ದುಃಖವೋ ಎಂದು ಆಮೇಲೆ ಅವರ ಮುಖ ನೋಡಿ ಹೇಳಲು ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಪರಮೇಶ್ವರಪ್ಪನವರು ಬೇರೆ ಟೇಬಲಿಗೆ ಹೋಗಿ ಕೂತರು. ಪಾರ್ವತವ್ವ ಅವರ ಬನ್ಸನ್ನು ಮುರಿದುಕೊಡಲು ಹೋದರೆ ತಟ್ಟೆಯನ್ನೇ ಎಳೆದುಕೊಂಡರು. ಎಡಗೈಯಲ್ಲಿ ಹರಿದು ತಿಂದರು, ಅರ್ಧ ಧೋತರದ ಮೇಲೆ ಬಿತ್ತು. ಟೆಂಪೊದಲ್ಲಿ ಡ್ರೈವರಿನ ಪಕ್ಕ ಹತ್ತಿ ಕೂತರು. ಪಾರ್ವತವ್ವ ಅವರ ಹಿಂದಿನ ಸೀಟಿನ ತುದಿಯಲ್ಲಿ, ಇಳಿಯುವವರಂತೆ.

"ವೈನೀ, ಯಾಕ್ರಿ ತಿರುಗಿ ನಿಂತ್ರಿ? ಗಾಬರಿ ಆತೇನು?" ಎಂದು ಆನಂದ ಕೇಳಿದ. ಅವರ ಕಣ್ಣು ಮುಂದಿನ ಸೀಟಿನ ಮೇಲಿತ್ತು. ಪಾರ್ವತವ್ವ ಮಾತಾಡದ್ದನ್ನು ಕಂಡು ಆನಂದನಿಗೇ ಗಾಬರಿಯಾಯಿತು.

ಕಾನಸೂರು ಬಂದಾಗ ಮುಂದಿನಿಂದ "ನೀ..." ಎಂದು ಕೇಳಿತು.

"ನೀರೇನೋ ಪರಮ್ಯಾ? ಗಾಡಿ ನಿಲ್ಲಸ್ರಿ," ಎಂದು ಹುಚ್ಚಪ್ಪ ಎದ್ದರು.

ಪಾರ್ವತವ್ವ ಕೈ ಎತ್ತಿದರು. "ಕುಂದರ್ರಿ ಹುಚ್ಚಣ್ಣಾ. ಯಾರೂ ಏನೂ ಹೇಳಬ್ಯಾಡ್ರಿ."

ಹುಚ್ಚಪ್ಪ ಕೂತರು. ತಿರುವುಗಳು ಹೋದವು. ಬಿಸಿಲು ಮರಗಳ ನಡುವೆ ಬಂದು ಬಂದು ಹೋಗುತ್ತಿತ್ತು. ಪಾರ್ವತವ್ವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ನೀ... ಬೇಕಂತ..."

ಮತ್ತೆ ರಸ್ತೆ. ಒಂದು ಬಸ್ಸು ಎದುರಾಗಿ ಹೋಯಿತು. ಯಾರೋ ಕೆಮ್ಮು ನುಂಗಿದರು.

"ಬೇಕಂತ... ತಿರುಗಿದಿ."

"ಹೌದ್ರಿ," ಎಂದರು ಪಾರ್ವತವ್ವ. "ಬೇಕಂತನ ತಿರುಗಿದೆ."

ಪರಮೇಶ್ವರಪ್ಪನವರಿಗೆ ಇನ್ನೂ ಹೇಳುವುದಿತ್ತು. ಹೀಗೆ ಅವರ ಬೈಗುಳ ಶಿರಸಿಯ ತನಕ ಬಂತು, ಪೇಟೆಯ ಗದ್ದಲದಲ್ಲಿ ನಿಂತಿತು, ಅದನ್ನು ದಾಟಿದ ಮೇಲೆ ಮತ್ತೆ ಶುರುವಾಯಿತು. ಒಂದು ಶಬ್ದ ಬಂದರೆ ಇನ್ನೊಂದಕ್ಕೆ ಎಷ್ಟೋ ದೂರ. 'ಮಂದಿ ಮುಂದ' ಎಂದರು. 'ನಗಿ' ಎಂದರು. ಕೆಲವು ಶಬ್ದಗಳು ತಪ್ಪಾದವು. 'ನಾಚಿಕಿ' ಎನ್ನಲು ಹೋಗಿ 'ಬಾಗಲಾ' ಎಂದರು, ತಪ್ಪೆಂದು ತಿಳಿದು ಡ್ಯಾಶ್‌ಬೋರ್ಡಿಗೆ ಗುದ್ದಿದರು. 'ನಾಚಿಕಿ' ಎಂದು ಪಾರ್ವತವ್ವನಿಗೆ ಗೊತ್ತಿತ್ತು, ಟೆಂಪೊದಲ್ಲಿ ಎಲ್ಲರಿಗೂ ಗೊತ್ತಿತ್ತು. ಆನಂದ ಹೇಳಲು ಬಾಯಿ ತೆರೆದ, ಹುಚ್ಚಪ್ಪ ಅವನ ತೊಡೆ ಹಿಂಡಿದರು. ಪಾರ್ವತವ್ವ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದರು. ಕಣ್ಣಿನಿಂದ ನೀರು ಇಳಿದು ಗಲ್ಲಕ್ಕೆ ಬಂದು ನಿಂತಿತ್ತು, ಒರೆಸಲು ಕೈ ಬಿಡಲಿಲ್ಲ.

ಎಕ್ಕಂಬಿ ದಾಟಿ ಊರಿಗೆ ತಿರುಗುವ ಹೊತ್ತಿಗೆ 'ನಾಚಿಕಿ' ಬಂತು. ಆದರೆ ಅಷ್ಟರಲ್ಲಿ ಅವರು ಬೇರೆ ಏನನ್ನೋ ಹುಡುಕುತ್ತಿದ್ದರು.

ಮನೆಯ ಮುಂದೆ ಟೆಂಪೊ ನಿಂತಿತು. ಹಿಂದಿನವರೆಲ್ಲ ಇಳಿದರು, ಯಾರೂ ಮನೆಗೆ ಹೋಗಲಿಲ್ಲ. ಹೋಗುವುದೋ ನಿಲ್ಲುವುದೋ ತಿಳಿಯದೆ ಬೇಲಿಯ ಹತ್ತಿರ ಗುಂಪಾದರು. ಪರಮೇಶ್ವರಪ್ಪನವರು ಟೆಂಪೊದ ಮುಂದಿನ ಬಾಗಿಲು ತೆರೆದುಕೊಂಡು ಒಂದು ಕಾಲು ಮೆಟ್ಟಿಲಿಗೆ ಇಟ್ಟಿದ್ದರು. ಪಾರ್ವತವ್ವ ಕೆಳಗೆ ನಿಂತು ಕೈ ಚಾಚಿದರು. ಅವರು ಕೈ ಹಿಡಿಯಲಿಲ್ಲ. ಹೆಂಡತಿಯ ಮುಖಕ್ಕೆ ಬೆರಳು ತೋರಿಸಿದರು.

"ನಾಳಿಂದ..." ಎಂದರು. "ನಾಳಿಂದ... ನೀ..."

ನಿಂತಿತು. ತುಟಿ ಅತ್ತ ಇತ್ತ ಹೋಯಿತು.

ಪಾರ್ವತವ್ವ ಅವರ ಬಾಯಿಯನ್ನೇ ನೋಡುತ್ತ ನಿಂತರು. ಮುಂದಿನ ಮಾತು ಗೊತ್ತಿರುವ ಕಳೆ ಈ ಸಲ ಪಾರ್ವತವ್ವನ ಮುಖದಲ್ಲಿ ಎಲ್ಲೂ ಇರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು.

ಡ್ರೈವರು ಗೇರ್ ಮೇಲೆ ಕೈಯಿಟ್ಟು ಕಾದ, ಗಡಿಯಾರ ನೋಡಿಕೊಂಡ. "ಅಮ್ಮಾ, ಸ್ವಲ್ಪ ಬೇಗ ಇಳಿಸ್ಕೊಳ್ರಿ. ನನಗ ತಿರುಗಿ ಶಿರಸಿಗೆ ಹೋಗಬೇಕು."

"ತಡಿಯಪ್ಪಾ," ಎಂದರು ಪಾರ್ವತವ್ವ, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಅವರು ಇನ್ನೂ ಬೈಯಾಕತ್ತಾರ."

ಡ್ರೈವರು ಇಂಜಿನ್ ಬಂದ್ ಮಾಡಿದ.